ಹನಿ ರಕ್ತದಲ್ಲಿ ವಿಕಿರಣದ ಗುರುತು

(ಕನ್ನಡ ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



1987ರ ಸೆಪ್ಟೆಂಬರ್ ತಿಂಗಳಿನಲ್ಲಿ ಬ್ರೆಜಿಲ್ ದೇಶದ ಗೊಯಾನಿಯಾ ಎಂಬ ನಗರದಲ್ಲಿ, ಪಾಳುಬಿದ್ದಿದ್ದ ಒಂದು ಕ್ಯಾನ್ಸರ್ ಚಿಕಿತ್ಸಾಲಯದೊಳಕ್ಕೆ ಹೊಕ್ಕ ಇಬ್ಬರು, ಅಲ್ಲಿದ್ದ ಯಂತ್ರದ ಭಾಗವೊಂದನ್ನು ಗುಜರಿಗೆ ಮಾರುವ ಆಸೆಯಿಂದ ಕಳಚಿ ಹೊತ್ತೊಯ್ದರು. ಅದರೊಳಗೆ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತುವಿನ ಪುಡಿಯಿತ್ತು. ತೂಕ ನೂರು ಗ್ರಾಮಿಗೂ ಕಡಿಮೆ. ಕವಚ ಒಡೆದು ಹೊರಬಂದ ಆ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಬೆರಗಾದ ಜನ ಅದನ್ನು ನೆಂಟರಿಷ್ಟರಿಗೆ ಹಂಚಿದರು, ಕೆಲವರು ಮೈಗೂ ಸವರಿಕೊಂಡರು. ವಾಂತಿ ಭೇದಿಗಳಿಂದ ನರಳುತ್ತ ಬಂದವರನ್ನು ನೋಡಿದ ವೈದ್ಯರು ಮೊದಲಿಗೆ ಆಹಾರದ ದೋಷವೋ ಒಗ್ಗದ ವಸ್ತುವಿನ ತೊಂದರೆಯೋ ಇರಬೇಕೆಂದು ಭಾವಿಸಿದರು. ಅವರನ್ನು ದೂಷಿಸುವಂತಿಲ್ಲ, ಅಂಥ ರೋಗಿ ನಮ್ಮ ಮುಂದೆ ಬಂದು ಕುಳಿತಿದ್ದರೂ ನಾವು ಹಾಗೆಯೇ ಯೋಚಿಸುತ್ತಿದ್ದೆವು. ಸೆಪ್ಟೆಂಬರ್ 13ರಂದು ಕಳಚಿದ ವಸ್ತು ಏನೆಂದು ಖಚಿತವಾದದ್ದು 29ರಂದು.

ಆಮೇಲೆ ನಡೆದದ್ದು ನಮ್ಮ ಇಂದಿನ ವಿಷಯಕ್ಕೆ ಪೀಠಿಕೆ. ಸುದ್ದಿ ಹರಡುತ್ತಲೇ ಊರಿಗೆ ಊರೇ ಪರೀಕ್ಷೆಗೆ ನಿಂತಿತು. ಅಲ್ಲಿನ ಕ್ರೀಡಾಂಗಣದಲ್ಲಿ ಸುಮಾರು 1,12,000 ಜನರನ್ನು ಒಬ್ಬೊಬ್ಬರಾಗಿ ಉಪಕರಣ ಹಿಡಿದು ನೋಡಲಾಯಿತು. ಅವರಲ್ಲಿ ಸೀಸಿಯಂ ಅಂಟಿದ್ದವರು ಅಥವಾ ಒಳಹೊಕ್ಕಿದ್ದವರು 249 ಮಂದಿ. ನಾಲ್ವರು ತೀರಿಕೊಂಡರು. ಲಕ್ಷ ಜನರ ನಡುವಿನಿಂದ ಈ 249 ಜನರನ್ನು ಆರಿಸಲು ಸಾಧ್ಯವಾದದ್ದೇಕೆ? ಪುಡಿ ಅವರ ಮೈಮೇಲೆ ಅಥವಾ ಮೈಯೊಳಗೆ ಇನ್ನೂ ಇದ್ದು, ಉಪಕರಣದ ಮುಂದೆ ತನ್ನ ಇರವನ್ನು ತಾನೇ ಸಾರುತ್ತಿತ್ತು. ಪುಡಿ ಮುಟ್ಟದೆ ಬರಿಯ ಕಿರಣಗಳನ್ನು ಮಾತ್ರ ಉಂಡು ಬಂದವನ ವಿಷಯ ಬೇರೆ. ಅವನ ಮುಂದೆ ಹಿಡಿದ ಉಪಕರಣ ಸುಮ್ಮನಿರುತ್ತದೆ.

ಈ ವ್ಯತ್ಯಾಸ ವಿದ್ಯಾವಂತರಿಗೂ ಸುಲಭವಾಗಿ ಮನಸ್ಸಿಗೆ ಹತ್ತುವುದಿಲ್ಲವಾದ್ದರಿಂದ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ಇಡುತ್ತೇವೆ. 2009ರ ನವೆಂಬರ್‌ನಲ್ಲಿ ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿ, ಐವತ್ತಕ್ಕೂ ಹೆಚ್ಚು ಕೆಲಸಗಾರರು ಅದನ್ನು ಕುಡಿದಿದ್ದರು. ವಿಷಯ ಬೆಳಕಿಗೆ ಬಂದದ್ದು ಅಲ್ಲಿ ವಾಡಿಕೆಯಾಗಿ ನಡೆಯುವ ಮೂತ್ರ ಪರೀಕ್ಷೆಯಿಂದ. ಟ್ರಿಟಿಯಂ ಎಂದರೆ ವಿಕಿರಣಶೀಲ ಜಲಜನಕ. ಅದು ದೇಹದ ನೀರಿನೊಡನೆ ಬೆರೆತು, ಹೊರಬರುವ ಮೂತ್ರದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಹೆಚ್ಚು ನೀರು ಕುಡಿಸಿ ಮೂತ್ರವಿಸರ್ಜನೆ ಹೆಚ್ಚಿಸಿದರೆ ಬೇಗ ಹೊರಟೂ ಹೋಗುತ್ತದೆ. ಅಲ್ಲಿ ಅಪರಾಧಿ ವಸ್ತುವೇ ಸೀಸೆಯೊಳಗೆ ಸಿಕ್ಕಿಬಿದ್ದಂತಾಯಿತು.

ಮುಂದಿನ ವರ್ಷ, 2010ರ ಏಪ್ರಿಲ್‌ನಲ್ಲಿ, ದೆಹಲಿಯ ಮಾಯಾಪುರಿಯ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಇದ್ದ ಹಳೆಯ ಯಂತ್ರವೊಂದನ್ನು ಬಿಚ್ಚಿದಾಗ ಒಬ್ಬ ಕಾರ್ಮಿಕ ಸತ್ತು, ಇನ್ನೂ ಕೆಲವರು ಆಸ್ಪತ್ರೆ ಸೇರಿದರು. ಕೋಬಾಲ್ಟ್ ಹೊರಸೂಸುವ ಗಾಮಾ ಕಿರಣ ಬೆಳಕಿನ ಜಾತಿಗೆ ಸೇರಿದ್ದು. ದೀಪದ ಎದುರು ನಿಂತು ಬಂದವನ ಮೈಯಲ್ಲಿ ಬೆಳಕನ್ನು ಹುಡುಕಿದರೆ ಸಿಕ್ಕೀತೇ? ಅಂಥವನು ತಾನು ವಿಕಿರಣಶೀಲನಾಗಿರುವುದಿಲ್ಲ; ಅವನನ್ನು ಮುಟ್ಟಿದರೆ, ಅವನ ಪಕ್ಕದಲ್ಲಿ ಮಲಗಿದರೆ ಯಾರಿಗೂ ಏನೂ ಆಗದು. ಅವನ ಮನೆಯವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹಾಗಾದರೆ ಅವನು ಎಷ್ಟು ಉಂಡಿದ್ದಾನೆ ಎಂದು ತಿಳಿಯುವ ಬಗೆ ಹೇಗೆ? ವಿಕಿರಣದ ಪ್ರಮಾಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಕಿಲೋಗ್ರಾಂ ದೇಹಕ್ಕೆ ಒಂದು ಜೂಲ್ ಶಕ್ತಿ ಸೇರಿದರೆ ಒಂದು ಗ್ರೇ. ಇಡೀ ದೇಹಕ್ಕೆ ನಾಲ್ಕು ಗ್ರೇ ಆಸುಪಾಸು ಬಿದ್ದು ಚಿಕಿತ್ಸೆ ಸಿಗದೆ ಹೋದರೆ ಸರಿಸುಮಾರು ಅರ್ಧದಷ್ಟು ಜನ ಎರಡು ತಿಂಗಳೊಳಗೆ ಸಾಯುತ್ತಾರೆ. ಲೆಕ್ಕ ಹಾಕಿ ನೋಡಿ: 70 ಕಿಲೋ ತೂಕದ ಮನುಷ್ಯನಿಗೆ ಅದು 280 ಜೂಲ್, ಅಂದರೆ ಒಂದು ಚಿಕ್ಕ ಗುಟುಕು ಬಿಸಿ ಕಾಫಿ ಕೊಡುವಷ್ಟು ಶಾಖ. ಜ್ವರಮಾಪಕಕ್ಕೆ ಅದು ತಿಳಿಯುವುದೇ ಇಲ್ಲ. ಅಷ್ಟು ಅಲ್ಪ ಶಕ್ತಿ ಮಾರಕವಾಗುವುದು ಅದು ಬೀಳುವ ಜಾಗದಿಂದ. ಜೀವಕೋಶದ ಡಿ.ಎನ್.ಎ. ಎಳೆಗಳನ್ನೇ ಅದು ಕತ್ತರಿಸುತ್ತದೆ.

ನಾವು ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದು ರೆಸಿಡೆನ್ಸಿ ಮಾಡುತ್ತಿದ್ದ ಕಾಲದಲ್ಲಿ ಅಸ್ಥಿಮಜ್ಜೆ ಕಸಿ ಮಾಡುವ ವಾರ್ಡಿನಲ್ಲಿ ಕೆಲವು ತಿಂಗಳು ದುಡಿದೆವು. ಕಸಿಗೆ ಮುನ್ನ ಕೆಲವು ರೋಗಿಗಳಿಗೆ ಇಡೀ ದೇಹಕ್ಕೆ ಬೇಕೆಂದೇ ವಿಕಿರಣ ಕೊಡುತ್ತಾರೆ, ಹಳೆಯ ಮಜ್ಜೆ ನಾಶವಾಗಲೆಂದು. ಮೊದಲ ದಿನ ವಾಂತಿ. ಮರುದಿನ ರಕ್ತದ ವರದಿಯಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳ ಸಂಖ್ಯೆ ಬೀಳತೊಡಗುತ್ತದೆ. ಸಾವಿರಗಳಲ್ಲಿ ಇದ್ದದ್ದು ನೂರಕ್ಕೆ, ಹತ್ತಕ್ಕೆ. ಆದರೂ ರೋಗಿ ಎದ್ದು ಕುಳಿತು ಪತ್ರಿಕೆ ಓದುತ್ತಿರುತ್ತಾನೆ. ಮಜ್ಜೆ ಬರಿದಾದ ಪರಿಣಾಮ, ಎಂದರೆ ಸೋಂಕು ಮತ್ತು ರಕ್ತಸ್ರಾವ, ತೋರುವುದು ಮುಂದೆ ವಾರಗಳ ಮೇಲೆ. ನೋಡಲು ಚೆನ್ನಾಗಿರುವ ಈ ಮಧ್ಯದ ದಿನಗಳು ವೈದ್ಯನನ್ನು ಮೋಸಗೊಳಿಸುತ್ತವೆ. ಆಸ್ಪತ್ರೆಯಲ್ಲಾದರೋ ಕೊಟ್ಟ ಪ್ರಮಾಣ ನಮಗೆ ಗೊತ್ತು, ಹೊಸ ಮಜ್ಜೆಯೂ ಸಿದ್ಧವಾಗಿರುತ್ತದೆ. ಅಪಘಾತದಲ್ಲಿ ಎರಡೂ ಇಲ್ಲ.

ಚೆರ್ನೋಬಿಲ್ ನೆನಪಿಗೆ ಬರುವುದು ಇಲ್ಲಿಯೇ. 1986ರ ಏಪ್ರಿಲ್ 26ರ ಆ ದುರಂತದಲ್ಲಿ ತೀವ್ರ ವಿಕಿರಣ ರೋಗವಿರಬಹುದೆಂದು ಮೊದಲು ಅನುಮಾನಿಸಿದ್ದು 237 ಮಂದಿಯ ಮೇಲೆ. ಕೊನೆಗೆ ರೋಗ ಖಚಿತವಾದದ್ದು 134 ಮಂದಿಗೆ. ಅವರಲ್ಲಿ 28 ಜನ ಮೊದಲ ತಿಂಗಳುಗಳಲ್ಲೇ ತೀರಿಕೊಂಡರು. ಉಳಿದ ನೂರಕ್ಕೂ ಹೆಚ್ಚು ಜನರನ್ನು ಮೊದಲ ದಿನವೇ ಬೇರ್ಪಡಿಸಲು ಆಗಿದ್ದರೆ ಹಾಸಿಗೆಗಳೂ ವೈದ್ಯರ ಗಮನವೂ ಎಷ್ಟು ಉಳಿಯುತ್ತಿತ್ತು! ಇಂದು ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ, ಏಕೆಂದರೆ ಕೊಡಲು ಔಷಧವಿದೆ. ಕೀಮೋಥೆರಪಿಯ ರೋಗಿಗಳಿಗೆ ಬಿಳಿ ಕಣಗಳು ಏರಲೆಂದು ಕೊಡುವ ಫಿಲ್‌ಗ್ರಾಸ್ಟಿಮ್ ಎಂಬ ಚುಚ್ಚುಮದ್ದನ್ನು 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವಿಕಿರಣ ಪೀಡಿತರಿಗೂ ಒಪ್ಪಿತು. ಎರಡು ಗ್ರೇಗಿಂತ ಹೆಚ್ಚು ಉಂಡವರಿಗೆ ಅದನ್ನು ಆದಷ್ಟು ಬೇಗ ಆರಂಭಿಸಬೇಕು. ದೊಡ್ಡ ನಗರವೊಂದರಲ್ಲಿ ಅವಘಡವಾದರೆ ಬಾಗಿಲಿಗೆ ಬರುವ ಲಕ್ಷ ಜನರಲ್ಲಿ ಅದು ಯಾರಿಗೆ?

ಈಗ ಇರುವ ಉಪಾಯಗಳು ಮೂರು. ವಾಂತಿ ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಕೇಳುವುದು ಒಂದು. ಬೇಗ ಶುರುವಾದಷ್ಟೂ ಪ್ರಮಾಣ ಹೆಚ್ಚು. ಆದರೆ ಭಯಕ್ಕೂ ವಾಂತಿಯಾಗುತ್ತದೆ, ಪಕ್ಕದವನ ವಾಂತಿ ನೋಡಿಯೂ ಆಗುತ್ತದೆ. ಎರಡನೆಯದು ಲಿಂಫೋಸೈಟ್‌ಗಳನ್ನು ಎರಡು ಮೂರು ದಿನ ಮತ್ತೆ ಮತ್ತೆ ಎಣಿಸುವುದು. ಮೂರನೆಯದು, ಈ ಕ್ಷೇತ್ರದಲ್ಲಿ ಒರೆಗಲ್ಲು ಎನಿಸಿಕೊಂಡದ್ದು: ರಕ್ತದ ಕೋಶಗಳನ್ನು ಸುಮಾರು 48 ಗಂಟೆ ಬೆಳೆಸಿ, ಮುರಿದು ತಪ್ಪಾಗಿ ಬೆಸೆದುಕೊಂಡು ಎರಡು ನಡುಗಂಟುಗಳನ್ನು ಹೊತ್ತ ವರ್ಣತಂತುಗಳು ಎಷ್ಟಿವೆ ಎಂದು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ನೂರಾರು ಕೋಶಗಳನ್ನು ನೋಡಬೇಕು, ನುರಿತ ಕಣ್ಣು ಬೇಕು, ಅಂಥ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು. ಹತ್ತು ಜನರಿಗೆ ಇದು ಸರಿ. ಲಕ್ಷಕ್ಕಲ್ಲ.

ಮಾಸ್ ಸ್ಪೆಕ್ಟ್ರೋಮೀಟರ್ ಈ ಕಥೆಯೊಳಕ್ಕೆ ಬರುವುದು ಈ ಕೊರತೆಯನ್ನು ತುಂಬಲೆಂದು. ಕನ್ನಡದಲ್ಲಿ ಅದಕ್ಕೆ ರಾಶಿ ರೋಹಿತಮಾಪಕ ಎಂದು ಹೇಳಬಹುದು. ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದೊಂದೇ ತೊಡಕು. ಅದರ ಬದಲು ಸುಗ್ಗಿಯ ಕಾಲದ ಕಣವನ್ನು ನೆನೆಯಿರಿ. ಒಕ್ಕಿದ ಕಾಳನ್ನು ಮೊರದಲ್ಲಿ ಎತ್ತಿ ಹಿಡಿದು ಗಾಳಿಗೆ ತೂರುತ್ತಾರೆ. ಗಟ್ಟಿ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಜೊಳ್ಳು ಸ್ವಲ್ಪ ದೂರ, ಹೊಟ್ಟು ಇನ್ನೂ ದೂರ. ಯಾರೂ ಒಂದೊಂದನ್ನೇ ತೂಗಲಿಲ್ಲ. ಬಿದ್ದ ಜಾಗವೇ ತೂಕವನ್ನು ಹೇಳಿತು. ಈ ಯಂತ್ರದಲ್ಲಿ ತೂರುವುದು ಅಣುಗಳನ್ನು. ಅಣುಗಳಿಗೆ ವಿದ್ಯುದಾವೇಶ ಕೊಟ್ಟು ನಿರ್ವಾತದಲ್ಲಿ ವಿದ್ಯುತ್ ಅಥವಾ ಕಾಂತ ಬಲಕ್ಕೆ ಒಡ್ಡುತ್ತಾರೆ. ಹಗುರವಾದದ್ದು ಹೆಚ್ಚು ಬಾಗುತ್ತದೆ ಅಥವಾ ಬೇಗ ಓಡಿ ಗುರಿ ಮುಟ್ಟುತ್ತದೆ, ಭಾರವಾದದ್ದು ಹಿಂದೆ ಬೀಳುತ್ತದೆ. ಕಣವೂ ರಾಶಿಯೂ ನಮ್ಮ ಒಕ್ಕಲುತನದ ಮಾತುಗಳೇ ಆಗಿದ್ದು, ಭೌತಶಾಸ್ತ್ರಕ್ಕೂ ಅವೇ ಒದಗಿ ಬಂದಿರುವುದು ಆಕಸ್ಮಿಕವಿರಬಹುದು, ನಮಗಂತೂ ಸಂತೋಷ.

ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಇಂಥ ಉಪಕರಣ ಕಟ್ಟಿ, ಒಂದೇ ಧಾತುವಿನಲ್ಲಿ ಬೇರೆ ಬೇರೆ ತೂಕದ ಪರಮಾಣುಗಳಿರುವುದನ್ನು ತೋರಿಸಿ, 1922ರ ನೊಬೆಲ್ ಪಡೆದರು. ಅದೇ ತತ್ತ್ವದಿಂದ ಇಂದು ಮೂತ್ರದಲ್ಲಿರುವ ಯುರೇನಿಯಂ, ಪ್ಲುಟೋನಿಯಂಗಳ ಅತ್ಯಲ್ಪ ಅಂಶವನ್ನೂ ತೂಗಿ ಹೇಳುತ್ತಾರೆ. ಆದರೆ ಜೀವದ ಅಣುಗಳು ನಾಜೂಕು. ಅವನ್ನು ಯಂತ್ರಕ್ಕೆ ಹಾಕಲು ಹೊರಟರೆ ಚೂರಾಗುತ್ತಿದ್ದವು. ಅಮೆರಿಕದ ಜಾನ್ ಫೆನ್ ಮತ್ತು ಜಪಾನಿನ ಕೊಯಿಚಿ ತನಾಕಾ 1980ರ ದಶಕದಲ್ಲಿ ಈ ತೊಡಕನ್ನು ಬಿಡಿಸಿ 2002ರ ನೊಬೆಲ್ ಹಂಚಿಕೊಂಡರು. ಫೆನ್ ಅವರ ಉಪಾಯ ಮದುವೆ ಮನೆಯ ಪನ್ನೀರುದಾನಿಯಂಥದು: ದ್ರವವನ್ನು ವಿದ್ಯುತ್ ತುಂಬಿದ ಸೂಜಿಯ ತುದಿಯಿಂದ ಸಣ್ಣ ತುಂತುರಾಗಿ ಚಿಮ್ಮಿಸಿದರೆ ಹನಿಯ ನೀರು ಆರಿ, ಒಳಗಿದ್ದ ಅಣು ಮುಕ್ಕಾಗದೆ ಆವೇಶ ಹೊತ್ತು ಉಳಿಯುತ್ತದೆ. ಅಲ್ಲಿಂದ ಮುಂದೆ ರಕ್ತ, ಮೂತ್ರ, ಜೊಲ್ಲು ಎಲ್ಲವೂ ಕಣಕ್ಕೆ ಬಂದವು. ಒಂದು ಹನಿ ಮೂತ್ರದಲ್ಲಿ ಸಾವಿರಾರು ಬಗೆಯ ಸಣ್ಣ ಅಣುಗಳಿವೆ. ವಿಕಿರಣ ಬಿದ್ದ ಮೇಲೆ ಅವುಗಳಲ್ಲಿ ಯಾವುದು ಏರಿತು, ಯಾವುದು ಇಳಿಯಿತು ಎಂದು ಕೇಳುವುದೇ ಈ ಸಂಶೋಧನೆಯ ಸಾರ. ಕಿರಣ ಉಳಿಯದಿದ್ದರೂ ಅದು ಮಾಡಿಹೋದ ಹಾನಿಯ ಲೆಕ್ಕ ದೇಹದ ಕಸದಲ್ಲಿ ಉಳಿದಿರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ.

ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಈ ನಂಬಿಕೆ ನಿಜವಾಯಿತು. ವಿಕಿರಣ ಬಿದ್ದ ಇಲಿಯ ಮೂತ್ರದಲ್ಲಿ ಥೈಮಿಡಿನ್, ಡಿಆಕ್ಸಿಯುರಿಡಿನ್ ಮೊದಲಾದ ಅಣುಗಳು ಒಂದು ದಿನದೊಳಗೆ ಹೆಚ್ಚುತ್ತವೆ. ಇವು ಡಿ.ಎನ್.ಎ.ಗೆ ಸಂಬಂಧಿಸಿದ ಇಟ್ಟಿಗೆ ಚೂರುಗಳು. ಮನೆ ಕುಸಿದ ಬೀದಿಯ ಚರಂಡಿಯಲ್ಲಿ ಇಟ್ಟಿಗೆ ಪುಡಿ ಹರಿದಂತೆ. ಕಸಿಗಾಗಿ ಇಡೀ ದೇಹಕ್ಕೆ ವಿಕಿರಣ ಪಡೆದ ರೋಗಿಗಳು ಒಪ್ಪಿ ಕೊಟ್ಟ ಮೂತ್ರದಲ್ಲಿಯೂ ಬದಲಾವಣೆಗಳು ಕಂಡವು. ಆದರೆ ಅವು ಇಲಿಯದರ ಪಡಿಯಚ್ಚಲ್ಲ. ಗಂಡಸರಲ್ಲಿ ಒಂದು ಬಗೆ, ಹೆಂಗಸರಲ್ಲಿ ಸ್ವಲ್ಪ ಬೇರೆ ಬಗೆ.

ನಮಗೆ ಅತ್ಯಂತ ಮೆಚ್ಚಿಗೆಯಾದ ಸೂಚಕವೆಂದರೆ ಸಿಟ್ರುಲಿನ್. ಜಪಾನಿನ ರಸಾಯನಶಾಸ್ತ್ರಜ್ಞರು ಕಲ್ಲಂಗಡಿ ಹಣ್ಣಿನಲ್ಲಿ ಕಂಡುಹಿಡಿದ ಅಮೈನೋ ಆಮ್ಲವಿದು. ಕಲ್ಲಂಗಡಿಯ ಲ್ಯಾಟಿನ್ ಹೆಸರೇ ಇದಕ್ಕೂ ಬಂತು. ನಮ್ಮ ರಕ್ತದಲ್ಲಿ ಓಡಾಡುವ ಸಿಟ್ರುಲಿನ್‌ನ ಬಹುಪಾಲು ತಯಾರಾಗುವುದು ಸಣ್ಣ ಕರುಳಿನ ಒಳಪದರದ ಕೋಶಗಳಲ್ಲಿ. ಆ ಪದರ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತದೆ. ವಿಕಿರಣ ಬಿದ್ದಾಗ ಹುಟ್ಟುವ ಕೋಶಗಳು ನಿಲ್ಲುತ್ತವೆ, ಸವೆಯುವವು ಸವೆಯುತ್ತ ಹೋಗುತ್ತವೆ. ಆಗ ರಕ್ತದ ಸಿಟ್ರುಲಿನ್ ಇಳಿಯುತ್ತದೆ. ಕರುಳನ್ನು ಕೊಯ್ದು ನೋಡದೆ ಅದರ ಸ್ಥಿತಿಯನ್ನು ಹೇಳುವ ಅಳತೆ ಇದು. ಕಸಿಯ ರೋಗಿಗಳಲ್ಲಿಯೂ ಇದನ್ನು ಕಂಡಿದ್ದಾರೆ. ಆದರೆ ಇಳಿಯಲು ಕೆಲವು ದಿನ ಬೇಕಾದ್ದರಿಂದ ಮೊದಲ ದಿನದ ಪ್ರಶ್ನೆಗೆ ಇದು ಉತ್ತರವಲ್ಲ. ಒಂದೊಂದು ಸೂಚಕಕ್ಕೂ ಒಂದೊಂದು ಗಡಿಯಾರವಿದೆ: ಕೆಲವು ಗಂಟೆಗಳಲ್ಲಿ ಮಾತನಾಡುತ್ತವೆ, ಕೆಲವು ವಾರ ತಡೆದು.

ಸಿಟ್ರುಲಿನ್ ಮೆಚ್ಚಿಗೆಯಾಗಲು ಇನ್ನೊಂದು ಕಾರಣವುಂಟು, ಅದು ನಿಮ್ಮ ಮನೆಗೆ ಸಂಬಂಧಿಸಿದ್ದು. ಈ ದೇಶದಲ್ಲಿ ಹುಟ್ಟಿದ ನಿಮ್ಮ ಮಕ್ಕಳು ಮೊಮ್ಮಕ್ಕಳ ಹಿಮ್ಮಡಿಗೆ ಒಂದೆರಡು ದಿನದೊಳಗೆ ಸೂಜಿ ಚುಚ್ಚಿ, ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಇಂಗಿಸಿ ಕಳಿಸಿದ್ದು ನೆನಪಿದೆಯೇ? ಹುಟ್ಟು ಚಯಾಪಚಯ ರೋಗಗಳನ್ನು ಹುಡುಕುವ ಆ ಪರೀಕ್ಷೆಯಲ್ಲಿ ಕೆಲಸ ಮಾಡುವುದು ಎರಡು ಹಂತದ ಮಾಸ್ ಸ್ಪೆಕ್ಟ್ರೋಮೀಟರ್. ಮೊದಲ ಹಂತದಲ್ಲಿ ಬೇಕಾದ ತೂಕದ ಅಣುವನ್ನು ಆರಿಸಿ, ಒಡೆದು, ಎರಡನೆಯ ಹಂತದಲ್ಲಿ ಅದರ ಚೂರುಗಳನ್ನು ತೂಗುತ್ತದೆ. ಒಂದೇ ತೂಕದ ಎರಡು ಅಣುಗಳಿದ್ದರೂ ಒಡೆಯುವ ರೀತಿ ಬೇರೆಯಾದ್ದರಿಂದ ಗುರುತು ತಪ್ಪುವುದು ಅಪರೂಪ. ಎಷ್ಟಿದೆ ಎಂದು ತಿಳಿಯಲು, ಸ್ವಲ್ಪ ಹೆಚ್ಚು ತೂಕ ಬರುವಂತೆ ಕೃತಕವಾಗಿ ಮಾಡಿದ ಅದೇ ಅಣುವನ್ನು ಗೊತ್ತಾದ ಅಳತೆಯಲ್ಲಿ ಬೆರೆಸಿ ಪಕ್ಕಪಕ್ಕದಲ್ಲಿ ಹೋಲಿಸುತ್ತಾರೆ. ಒಂದು ಮಗುವಿನ ರಕ್ತಕ್ಕೆ ಯಂತ್ರದ ಸಮಯ ಎರಡು ಮೂರು ನಿಮಿಷ. ಆ ಪಟ್ಟಿಯಲ್ಲಿ ಸಿಟ್ರುಲಿನ್ ಈಗಾಗಲೇ ಇದೆ, ಕಾರ್ನಿಟೈನ್ ಬಳಗವೂ ಇದೆ. ಅಂದರೆ ಯಂತ್ರಗಳಿವೆ, ನಡೆಸುವವರಿದ್ದಾರೆ, ಒಣಗಿದ ಹನಿಯನ್ನು ಅಂಚೆಯಲ್ಲಿ ಕಳಿಸುವ ಪದ್ಧತಿಯಿದೆ. ಗೊಯಾನಿಯಾದ ಕ್ರೀಡಾಂಗಣದಲ್ಲಿ ಇರದಿದ್ದದ್ದು ಇದು.

ಹಾಗಿದ್ದರೆ ಇನ್ನೂ ತಡವೇಕೆ ಎಂದು ನೀವು ಕೇಳಬಹುದು. ಈ ಪರೀಕ್ಷೆಗಳು ಇಂದಿಗೂ ಸಂಶೋಧನೆಯ ಹಂತದಲ್ಲಿವೆ. ಕಾರಣ ಯಂತ್ರದಲ್ಲಿಲ್ಲ, ಮನುಷ್ಯರಲ್ಲಿದೆ. ಪಂಜರದ ಇಲಿಗಳು ಒಂದೇ ವಂಶ, ಒಂದೇ ವಯಸ್ಸು, ಒಂದೇ ಆಹಾರ. ನಾವು ಹಾಗಿಲ್ಲ. ಜ್ವರ, ಉಪವಾಸ, ಮಧುಮೇಹ, ಸಿಗರೇಟು, ಮೂತ್ರಪಿಂಡದ ದೋಷ ಎಲ್ಲವೂ ಇದೇ ಅಣುಗಳನ್ನು ಏರಿಳಿಸುತ್ತವೆ. ವಿಕಿರಣವು ಡಿ.ಎನ್.ಎ.ಗೆ ಹತ್ತಿಸುವ ಆಮ್ಲಜನಕದ ಗಾಯವನ್ನು ಮೂತ್ರದಲ್ಲಿ ತೂಗಬಹುದು, ಆದರೆ ಅದೇ ಗಾಯ ಸಿಗರೇಟಿನಿಂದಲೂ ಆಗುತ್ತದೆ. ಮೂತ್ರಪಿಂಡ ಸೋತರೆ ಸಿಟ್ರುಲಿನ್ ಏರಿ, ಸೊರಗಿದ ಕರುಳನ್ನು ಮರೆಮಾಚೀತು. ಕಾರ್ನಿಟೈನ್ ಮತ್ತು ಟಾರಿನ್‌ಗಳ ಮುಖ್ಯ ಮೂಲ ಮಾಂಸಾಹಾರ. ಮೂರು ತಲೆಮಾರಿನಿಂದ ಅನ್ನ ಸಾರು ಮೊಸರಿನಲ್ಲಿ ಬೆಳೆದ ನಮ್ಮಂಥವರ ಸಹಜ ಮಟ್ಟವೇ ಬೇರೆ ಇರುವಾಗ, ಮಾಂಸಾಹಾರಿಗಳಿಂದ ತೆಗೆದ ಅಳತೆಗೋಲು ನಮ್ಮನ್ನು ತಪ್ಪಾಗಿ ಅಳೆದೀತು. ಅಪಘಾತಕ್ಕೆ ಮುಂಚಿನ ಮೂತ್ರವನ್ನು ಯಾರೂ ಎತ್ತಿಟ್ಟಿರುವುದಿಲ್ಲವಷ್ಟೇ. ಆದ್ದರಿಂದಲೇ ಒಂದೇ ಸೂಚಕವನ್ನು ನಂಬದೆ ಐದಾರನ್ನು ಒಟ್ಟಿಗೆ ಓದುವ ಪ್ರಯತ್ನ ನಡೆದಿದೆ.

ಇದಕ್ಕಿಂತ ದೊಡ್ಡ ತೊಡಕು ನೀತಿಯದು. ಆರೋಗ್ಯವಂತ ಮನುಷ್ಯನಿಗೆ ನಾಲ್ಕು ಗ್ರೇ ಕೊಟ್ಟು ಪರೀಕ್ಷಿಸುವಂತಿಲ್ಲ. ಕಸಿಯ ರೋಗಿಗಳು ಮೊದಲೇ ಕಾಯಿಲೆಯವರು, ಕೀಮೋಥೆರಪಿ ಉಂಡವರು. ಕೊನೆಗೆ ಕೋತಿಗಳ ಮೇಲಿನ ಪ್ರಯೋಗವನ್ನೇ ಆಧಾರವಾಗಿ ಹಿಡಿಯಬೇಕಾಗುತ್ತದೆ. ಫಿಲ್‌ಗ್ರಾಸ್ಟಿಮ್‌ಗೆ ಒಪ್ಪಿಗೆ ಸಿಕ್ಕಿದ್ದೂ ಹಾಗೆಯೇ. ಇದರ ಬಗ್ಗೆ ನಮ್ಮ ಮನಸ್ಸು ಪೂರ್ತಿ ನಿರಾಳವಾಗಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಆದರೂ ಗುಜರಿ ಅಂಗಡಿಯ ಆ ಕೂಲಿಕಾರನನ್ನು ನೆನೆದಾಗ, ಬೇಡವೆನ್ನುವ ಧೈರ್ಯ ಬರುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: “ಡಾಕ್ಟ್ರೇ, ಹೋದ ವರ್ಷ ನನಗೆ ಎರಡು ಸಲ ಸಿ.ಟಿ. ಸ್ಕ್ಯಾನ್ ಮಾಡಿಸಿದ್ರು. ಎಷ್ಟು ವಿಕಿರಣ ಹೋಗಿದೆ ಅಂತ ಈ ಯಂತ್ರದಲ್ಲಿ ನೋಡಬಹುದಾ?” ಸಭೆಯಲ್ಲಿ ಬಹಳ ಜನರ ಮನಸ್ಸಿನಲ್ಲಿದ್ದ ಪ್ರಶ್ನೆ ಇದೇ ಎಂದು ಮುಖಗಳು ಹೇಳುತ್ತಿದ್ದವು. ಹೊಟ್ಟೆಯ ಸಿ.ಟಿ. ಒಂದಕ್ಕೆ ಸುಮಾರು ಹತ್ತು ಮಿಲಿಸೀವರ್ಟ್, ಅಂದರೆ ಈ ದೇಶದಲ್ಲಿ ಸುಮ್ಮನೆ ಬದುಕಿದ್ದಕ್ಕೆ ನೆಲ, ಗಾಳಿ, ಆಕಾಶಗಳಿಂದ ಮೂರು ವರ್ಷದಲ್ಲಿ ಬರುವಷ್ಟು. ನಾವು ಮಾತನಾಡಿದ ನಾಲ್ಕು ಗ್ರೇಯ ಲೆಕ್ಕದಲ್ಲಿ ಅದು ನಾನೂರರಲ್ಲಿ ಒಂದು ಪಾಲು. ವರ್ಣತಂತು ಎಣಿಸುವ ಪರೀಕ್ಷೆಯೇ ಅಷ್ಟು ಕೆಳಗೆ ಇಳಿಯಲಾರದು, ಮಾಸ್ ಸ್ಪೆಕ್ಟ್ರೋಮೀಟರಿನ ಸೂಚಕಗಳಂತೂ ಇಳಿಯವು. ನಾಳೆ ಯಾರಾದರೂ ಸ್ಕ್ಯಾನಿನ ವಿಕಿರಣವನ್ನು ರಕ್ತದಲ್ಲಿ ತೋರಿಸುತ್ತೇವೆಂದು ಹಣ ಕೇಳಿದರೆ ಕೊಡಬೇಡಿ. ನಿಮ್ಮ ಸ್ಕ್ಯಾನುಗಳ ದಿನಾಂಕಗಳನ್ನು ಬರೆದಿಟ್ಟುಕೊಂಡು, ಮುಂದಿನ ಸಲ ವೈದ್ಯರು ಇನ್ನೊಂದು ಬರೆದಾಗ ಅದನ್ನು ತೋರಿಸಿ, ಹಳೆಯದೇ ಸಾಲದೇ ಎಂದು ಕೇಳಿ.

ಅವರ ಪಕ್ಕದಲ್ಲಿದ್ದ ಮಹಿಳೆಯೊಬ್ಬರು ಅಷ್ಟಕ್ಕೆ ಬಿಡಲಿಲ್ಲ. “ಹಾಗಾದ್ರೆ ಆ ಸಿಟ್ರುಲಿನ್ ಪರೀಕ್ಷೆಗೆ ಹೋಗೋ ಮುಂಚೆ ಕಲ್ಲಂಗಡಿ ಹಣ್ಣು ತಿಂದಿದ್ರೆ?” ಎಂದರು. ಸಭೆ ನಕ್ಕಿತು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಕಲ್ಲಂಗಡಿ ತಿಂದರೆ ರಕ್ತದ ಸಿಟ್ರುಲಿನ್ ನಿಜಕ್ಕೂ ಏರುತ್ತದೆ. ಆದ್ದರಿಂದ ಹನಿ ರಕ್ತ ತೆಗೆಯುವವರು ಹೆಸರು, ವಯಸ್ಸುಗಳ ಜೊತೆಗೆ ನಿನ್ನೆ ರಾತ್ರಿ ಏನು ತಿಂದಿರಿ ಎಂದೂ ಕೇಳಿ ಬರೆದುಕೊಳ್ಳಬೇಕಾಗುತ್ತದೆ ಎಂದು ಉತ್ತರಿಸಿದೆವು.